ಕತ್ತರಿಸಿ ಹಾಕಿಸಿದ ಎರಡು ನಿಮಿಷ

ಗದಗ,
೨೧೫೮ನೇ ಇಸವಿ, ಮುಚ್ಚುತಿಂಗಳ ನಲವತ್ತನಾಲ್ಕನೇ ದಿನ

ಹುಲಿಗೆವ್ವ ಅವರಿಗೆ,

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆಂದು ನೀವು ಈ ಕಾಗದವನ್ನು ಒಲೆಗೆ ಹಾಕಿಬಿಡಬಹುದು. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಏಪ್ರಿಲ್, ಮೇ ಎರಡೂ ಸೇರಿ ನಮ್ಮಲ್ಲಿ ಒಂದೇ ತಿಂಗಳಾಗಿವೆ. ಆಗಿನ ಬಿಸಿಲಿಗೆ ಹಗಲಲ್ಲಿ ಯಾರೂ ಹೊರಗೆ ಕಾಲಿಡುವಂತಿಲ್ಲ, ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ನನ್ನ ಕನ್ನಡದಲ್ಲಿ ನಿಮಗೆ ಹೊಸದೆನಿಸುವ ಮಾತು ಇನ್ನೂ ಒಂದೆರಡು ಬರುತ್ತವೆ. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನನ್ನ ಹೆಸರು ಅಂದಾನಮ್ಮ. ಇಲ್ಲಿನ ಒಂದು ಚಿತ್ರಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಿರುಚಿತ್ರ ಮಾಡುವುದನ್ನು ಕಲಿಸುತ್ತಿದ್ದೇನೆ. ವಿದ್ಯಾರ್ಥಿಗಳು ಮಾಡಿ ತಂದದ್ದಕ್ಕೆ ಅಂಕ ಕೊಡುವವಳೂ ನಾನೇ. ನೀವು ವಯಸ್ಸಿನಲ್ಲಿ ನನಗಿಂತ ಹದಿಮೂರು ವರ್ಷ ಚಿಕ್ಕವರು, ಆದರೆ ಐದು ತಲೆಮಾರು ಹಿರಿಯರು. ಏನೆಂದು ಕರೆಯಬೇಕೋ ತಿಳಿಯದೆ ಹೆಸರು ಹಿಡಿದೇ ಕರೆದಿದ್ದೇನೆ. ನಾನು ನಿಮಗೆ ಒಂದು ಅನ್ಯಾಯ ಮಾಡಿದ್ದೇನೆ. ಅದನ್ನು ನಿಮಗೇ ಹೇಳಬೇಕು, ಬೇರೆ ಯಾರಿಗೆ ಹೇಳಿದರೂ ಹೇಳಿದಂತಾಗುವುದಿಲ್ಲ.

ನಿಮ್ಮ ಕಾಲದ ಜನ ಫೋನಿನಲ್ಲಿ ತೆಗೆದ ವಿಡಿಯೊಗಳಲ್ಲಿ ಉಳಿದದ್ದನ್ನೆಲ್ಲ ನಾವು ಒಂದು ಕಡೆ ಕೂಡಿಟ್ಟಿದ್ದೇವೆ. ಅದಕ್ಕೆ ಕಣಜ ಎನ್ನುತ್ತೇವೆ. ಮದುವೆ, ಮೇಕೆಮರಿ, ಬಸ್ಸಿನ ಕಿಟಕಿ, ಮಗುವಿನ ಮೊದಲ ಹೆಜ್ಜೆ, ಎಲ್ಲವೂ ಅದರಲ್ಲಿವೆ. ನಲ್ಲಿ ಬಿಟ್ಟುಕೊಂಡು ಮಾತಾಡುತ್ತ ನಿಂತವರ ವಿಡಿಯೊ ಸಿಕ್ಕಿದರೆ ನಮ್ಮ ಮಕ್ಕಳು ಪಾಠ ಮರೆತು ಅದನ್ನೇ ನೋಡುತ್ತಾರೆ. ಕೊನೆಯ ವರ್ಷದವರು ಕಣಜದಿಂದ ಒಂದು ತುಣುಕು ಆರಿಸಿ, ಅದರಿಂದ ಕಿರುಚಿತ್ರ ಮಾಡಿ, ಊರವರ ಮುಂದೆ ತೋರಿಸಿ, ನೋಡಿದವರ ಅಭಿಪ್ರಾಯವನ್ನೂ ಸೇರಿಸಿ ಒಪ್ಪಿಸಬೇಕು. ಚಿತ್ರಕ್ಕೆ ಅರವತ್ತು ಅಂಕ, ಅಭಿಪ್ರಾಯಕ್ಕೆ ನಲವತ್ತು. ಮೂರು ವರ್ಷದ ಹಿಂದೆ ಹೊನ್ನೂರಬಿ ಎಂಬ ಹುಡುಗಿ ಆರಿಸಿದ್ದು ನಿಮ್ಮನ್ನು.

ಯಾವ ವಿಡಿಯೊ ಎಂದು ನಿಮಗೆ ಈಗಾಗಲೇ ಗೊತ್ತಾಗಿರಬೇಕು. ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಫೋನನ್ನು ಯಾವುದೋ ಡಬ್ಬಿಗೆ ಒರಗಿಸಿಟ್ಟು, ಸೆರಗು ಸರಿಮಾಡಿಕೊಂಡು, ನೀವೊಬ್ಬರೇ ನಿಂತಿದ್ದೀರಿ. ಹಿಂದೆ ತೊಳೆದು ಬೋರಲು ಹಾಕಿದ ಪಾತ್ರೆಗಳಿವೆ. 'ನಮಸ್ಕಾರ್ರಿ ಎಲ್ಲಾರಿಗೂ, ನಾನು ಈ ಸಾಲ್ಯಾಗ ಅಡಗಿ ಮಾಡಾಕಿ' ಎಂದು ಶುರು ಮಾಡುತ್ತೀರಿ. ಮಾತು ಮರೆತುಹೋಗುತ್ತದೆ. ನಾಲಿಗೆ ಕಚ್ಚಿಕೊಂಡು ಮತ್ತೆ ನಮಸ್ಕಾರದಿಂದ ಶುರು. ಒಮ್ಮೆ ಕೆಮ್ಮು, ಒಮ್ಮೆ ಬೆಕ್ಕು, ಒಮ್ಮೆ ನಿಮಗೇ ನಗು. ಹೀಗೆ ಹನ್ನೊಂದು ಸಲ. ಹನ್ನೆರಡನೆಯ ಸಲ ನೀವು ತಡವರಿಸಲಿಲ್ಲ. ಆ ಮಾತನ್ನು ನಾನು ಈಗ ಕಣ್ಣುಮುಚ್ಚಿ ಬರೆಯಬಲ್ಲೆ: 'ನಾ ಮಾಡಿದ್ದು ಉಣಬ್ಯಾಡ್ರಿ ಅಂತ ಮನ್ಯಾಗ ಹೇಳಿ ಕಳಸ್ತಾರ್ರಿ. ಹದಿನಾರು ಹುಡುಗ್ರು ಮಧ್ಯಾಹ್ನ ಹಸಕೊಂಡು ಕುಂದರ್ತಾವು. ನನ್ನ ತಗದ್ರ ಅವು ಉಣ್ತಾವಂದ್ರ ನಾ ಬಿಡ್ತೀನ್ರಿ, ಜಗಳಿಲ್ಲ. ಆದ್ರ ಯಾಕ ತಗದ್ರಿ ಅನ್ನೂದನ್ನ ಆ ಹುಡುಗ್ರ ಮುಂದ ನೀವ ಹೇಳ್ರಿ. ನಾ ಅಲ್ಲೇ ನಿಂತಿರ್ತೀನಿ.' ಆಮೇಲೆ ನೀವು ಸ್ವಲ್ಪ ಹೊತ್ತು ಫೋನನ್ನೇ ನೋಡುತ್ತ ನಿಂತು, ಹತ್ತಿರ ಬಂದು ನಿಲ್ಲಿಸುತ್ತೀರಿ. ಒಟ್ಟು ಒಂಬತ್ತು ನಿಮಿಷ.

ಹೊನ್ನೂರಬಿ ಮೊದಲು ತಂದ ಚಿತ್ರದಲ್ಲಿ ಇದೆಲ್ಲ ಇತ್ತು. ನೋಡಿ ಮುಗಿಸಿದ ಮೇಲೆ ನಾನು ಅವಳಿಗೆ ಹೇಳಿದ್ದು ಇಷ್ಟು: 'ಕೊನೀ ಎರಡು ನಿಮಿಷ ತಗದುಬಿಡು. ಜನ ನಕ್ಕೊಂತ ಎದ್ದು ಹೋಗ್ಲಿ.' ಅವಳು, 'ಆಕಿ ಅಷ್ಟು ಸಲ ಕಲತದ್ದು ಅದನ್ನ ಹೇಳಾಕ ಅಲ್ರೀ ಮೇಡಂ?' ಎಂದು ಕೇಳಿದಳು. ಈ ಕಾಲದವರಿಗೆ ಅದು ಅರ್ಥವಾಗುವುದಿಲ್ಲ, ಅಂಥದ್ದೆಲ್ಲ ಹೋಗಿ ಎಷ್ಟೋ ಕಾಲವಾಯಿತು, ವಿವರಿಸುತ್ತ ಕುಳಿತರೆ ಚಿತ್ರ ಕುಸಿಯುತ್ತದೆ ಎಂದು ನಾನು ಪಾಠ ಹೇಳಿದೆ.

ನಾನು ಕೊಟ್ಟ ಕಾರಣ ಸುಳ್ಳು. ನಿಮ್ಮ ಮಾತು ನನಗೆ ಮೊದಲ ಸಲಕ್ಕೇ ಅರ್ಥವಾಗಿತ್ತು. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಒಂದು ಲೋಟ ಬಾಗಿಲ ಹಿಂದಿನ ಗೂಡಿನಲ್ಲಿ ಬೇರೆಯೇ ಇರುತ್ತಿತ್ತು. ಯಾರಿಗೆ ಎಂದು ಯಾರೂ ಹೇಳಿರಲಿಲ್ಲ, ಆದರೆ ಅದರಲ್ಲಿ ನಾವು ಕುಡಿಯಬಾರದೆಂದು ನನಗೆ ಗೊತ್ತಿತ್ತು. ನಿಮ್ಮ ಆ ಎರಡು ನಿಮಿಷ ನೋಡುವಾಗ ಬೇಗ ಮುಗಿಯಲಿ ಎನಿಸಿತು. ತುಂಬಿದ ಸಭೆಯಲ್ಲಿ ಕುಳಿತು ಮತ್ತೊಮ್ಮೆ ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ಅದಕ್ಕೆ ಕತ್ತರಿಸು ಎಂದೆ. ಅಂಕ ಕೊಡುವವಳು ಹೇಳಿದ ಮೇಲೆ ಹತ್ತೊಂಬತ್ತರ ಹುಡುಗಿ ಎಷ್ಟೆಂದು ವಾದಿಸುತ್ತಾಳೆ? ಕತ್ತರಿಸಿದಳು.

ನಮ್ಮ ಪ್ರದರ್ಶನದ ಸಭಾಂಗಣ ನೆಲದಡಿಯಲ್ಲಿದೆ, ತಂಪಿಗಾಗಿ. ಪ್ರತಿ ಕುರ್ಚಿಗೂ ಕೈಮಣೆ ಎಂಬ ಸಣ್ಣ ಹಲಗೆ ಇರುತ್ತದೆ. ನೋಡುವವರು ಅದರ ಮೇಲೆ ಅಂಗೈ ಇಟ್ಟರೆ ಅವರು ನಕ್ಕರೋ, ಬೇಸತ್ತರೋ, ಎದೆ ಬಡಿತ ಏರಿತೋ ಎಂಬುದು ಗೆರೆಯಾಗಿ ಮೂಡುತ್ತದೆ. ಅದು ಸಾಲದೆಂದು ಕೊನೆಯಲ್ಲಿ ಒಂದು ಚೀಟಿಯಲ್ಲಿ ಕೈಬರಹದಲ್ಲೂ ಬರೆಯಿಸುತ್ತೇವೆ. ಅವತ್ತು ನೂರ ಹದಿನೇಳು ಜನ ಇದ್ದರು. ನೀವು ನಾಲ್ಕನೆಯ ಸಲ ನಾಲಿಗೆ ಕಚ್ಚಿಕೊಳ್ಳುವ ಹೊತ್ತಿಗೆ ಸಭೆಯೆಲ್ಲ ನಗುತ್ತಿತ್ತು. ಬೆಕ್ಕು ಬಂದಾಗ ಚಪ್ಪಾಳೆ ಬಿತ್ತು. ಹನ್ನೊಂದನೆಯ ನಮಸ್ಕಾರಕ್ಕೆ ಚಿತ್ರ ಮುಗಿಯಿತು. ಅಷ್ಟು ಒಳ್ಳೆಯ ಗೆರೆಯನ್ನು ನಾನು ಯಾವ ವಿದ್ಯಾರ್ಥಿಯ ಕೆಲಸದಲ್ಲೂ ಕಂಡಿರಲಿಲ್ಲ. ನಾನೂ ನಕ್ಕೆ, ಹುಲಿಗೆವ್ವ. ಮುಂದೆ ನೀವು ಏನು ಹೇಳುತ್ತೀರೆಂದು ಗೊತ್ತಿದ್ದೂ ನಕ್ಕೆ.

ಚೀಟಿಗಳಲ್ಲಿ ಒಂದು ಮಾತ್ರ ಬೇರೆಯಾಗಿತ್ತು. ಪೆನ್ಸಿಲಿನಲ್ಲಿ, ದೊಡ್ಡ ಅಕ್ಷರದಲ್ಲಿ ಹೀಗಿತ್ತು: 'ಈಕಿ ನಮ್ಮ ಅಜ್ಜಿಯ ಅಜ್ಜಿ ಹುಲಿಗೆವ್ವ. ಮುಂದ ಏನಂದ್ಲು? ಯಾಕ ನಿಲ್ಲಿಸಿದ್ರಿ?' ನಾನು ಅದರ ಮೇಲೆ 'ಕೇಳಿದ ಪ್ರಶ್ನೆಗೆ ಉತ್ತರವಲ್ಲ' ಎಂದು ಬರೆದು ಲೆಕ್ಕದಿಂದ ಹೊರಗಿಟ್ಟೆ. ತೊಂಬತ್ಮೂರು ಅಂಕ ಕೊಟ್ಟೆ. ಮೌಲ್ಯಮಾಪನದ ಹಾಳೆಯಲ್ಲಿ ನಾನು ಬರೆದ ವಾಕ್ಯ ಇದು: 'ಎಲ್ಲಿ ನಿಲ್ಲಿಸಬೇಕೆಂಬುದು ಈ ವಿದ್ಯಾರ್ಥಿನಿಗೆ ಚೆನ್ನಾಗಿ ತಿಳಿದಿದೆ.'

ಹೊನ್ನೂರಬಿ ಚೀಟಿಗಳನ್ನೆಲ್ಲ ಕೂತು ಓದಿದ್ದಳು. ಮರುದಿನ ಬಂದು ಆ ಚೀಟಿ ಬರೆದವರ ವಿಳಾಸ ಕೇಳಿದಳು. ವಿಳಾಸದ ಪಟ್ಟಿ ನನ್ನ ಮೇಜಿನಲ್ಲೇ ಇತ್ತು. ಕೊಡಲು ನಿಯಮವಿಲ್ಲ ಎಂದೆ. ಪೂರ್ತಿ ಚಿತ್ರವನ್ನು ಇನ್ನೊಮ್ಮೆ ತೋರಿಸುತ್ತೇನೆ ಎಂದಳು. ಒಂದು ಯೋಜನೆಗೆ ಒಂದೇ ಪ್ರದರ್ಶನ ಎಂದೆ. 'ಹಂಗಾದ್ರ ನನ್ನ ಹೆಸರು ತಗೀರಿ ಮೇಡಂ. ಅದು ನಾ ಮಾಡಿದ್ದಲ್ಲ' ಎಂದಳು. ನನಗೆ ಸಿಟ್ಟು ಬಂತು. ತೊಂಬತ್ಮೂರನ್ನು ಹೊಡೆದುಹಾಕಿ 'ಯೋಜನೆ ಸಲ್ಲಿಸಿಲ್ಲ' ಎಂದು ಬರೆದೆ. ಅವಳು ಪ್ರಮಾಣಪತ್ರವಿಲ್ಲದೆ ಶಾಲೆ ಬಿಟ್ಟಳು. ಈಗ ಬೀದಿಗಳ ಮೇಲೆ ಹಾಸಿರುವ ನೆರಳುಚಾವಣಿಯನ್ನು ದುರಸ್ತಿ ಮಾಡುವ ತಂಡದಲ್ಲಿದ್ದಾಳೆ. ಆ ಚಿತ್ರವನ್ನು ಮಾತ್ರ ನಾನು ಬಿಡಲಿಲ್ಲ. ಹೆಸರು ತೆಗೆದು, ಹಾಸ್ಯಕ್ಕೆ ಮಾದರಿ ಎಂದು ಮೂರು ವರ್ಷವೂ ಹೊಸಬರಿಗೆ ತೋರಿಸಿದೆ. ಮೂರು ವರ್ಷವೂ ಅವರು ನಿಮ್ಮನ್ನು ನೋಡಿ ನಕ್ಕರು.

ಈ ಸಲ ಬಾಗಿಲು ಮುಚ್ಚುವುದಕ್ಕೆ ನಾಲ್ಕು ದಿನ ಮೊದಲು ಒಬ್ಬ ಮುದುಕಿ ನನ್ನನ್ನು ಹುಡುಕಿಕೊಂಡು ಶಾಲೆಗೆ ಬಂದರು. ಎಪ್ಪತ್ತೆಂಟು ವರ್ಷದ ಕೆಂಚವ್ವ, ಆ ಚೀಟಿ ಬರೆದವರು. ಟವೆಲಿನಲ್ಲಿ ಸುತ್ತಿದ್ದ ಚೌಕಟ್ಟು ಬಿಚ್ಚಿ ಮೇಜಿನ ಮೇಲಿಟ್ಟರು. ಅದರಲ್ಲಿ ನೀವಿದ್ದಿರಿ. 'ನಾ ಜಗಳಕ್ಕ ಬಂದಿಲ್ಲ' ಎಂದರು. ಮತ್ತೆ ನಿಧಾನವಾಗಿ, ತಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದದ್ದನ್ನು ಹೇಳಿದರು. ನೀವು ಅಷ್ಟೆಲ್ಲ ಅಭ್ಯಾಸ ಮಾಡಿದ್ದು ಶಾಲೆಯ ಮೀಟಿಂಗಿಗಾಗಿ. ಮರುದಿನ ಮೀಟಿಂಗಿನಲ್ಲಿ ನಿಮ್ಮ ಸರದಿಯನ್ನು ಕೊನೆಗಿಟ್ಟರು. ಆ ಸರದಿ ಬರುವ ಮೊದಲೇ ಹೊತ್ತಾಯಿತೆಂದು ಚಹಾ ಕೊಟ್ಟು ಎದ್ದರು. ಮುಂದಿನ ವಾರ ನಿಮ್ಮ ಕೆಲಸ ಹೋಯಿತು. ಏನು ಹೇಳಬೇಕೆಂದಿದ್ದೆ ಎಂದು ಮಗಳು ಕೇಳಿದಾಗಲೆಲ್ಲ ನೀವು 'ಹೇಳೂದಿತ್ತು, ಬಿಡು' ಎಂದಿರಂತೆ. ಕೊನೆಯವರೆಗೂ ಅಷ್ಟೇ.

'ಆಕಿ ಏನ ಹೇಳೂದಿತ್ತು ಅಂತ ನಮ್ಮ ಮನ್ಯಾಗ ಯಾರಿಗೂ ಗೊತ್ತಿಲ್ರಿ' ಎಂದರು ಕೆಂಚವ್ವ. 'ನಿಮಗ ಗೊತ್ತೈತಿ.'

ನೀವು ಹೇಳಬೇಕಾದದ್ದನ್ನು ಹೇಳಿದ್ದು ಆ ಫೋನಿನ ಮುಂದೆ ಮಾತ್ರ, ಒಂದೇ ಸಲ. ನೂರ ಮೂವತ್ನಾಲ್ಕು ವರ್ಷ ಕಾದು ಅದು ಜನರ ಎದುರಿಗೆ ಬಂದಾಗ, ಹೊತ್ತಾಯಿತೆಂದು ಎದ್ದುಹೋದವರ ಕೆಲಸವನ್ನೇ ನಾನೂ ಮಾಡಿದ್ದೆ. ಅವರಾದರೂ ನಿಮ್ಮ ಮಾತು ಕೇಳಿರಲಿಲ್ಲ. ನಾನು ಕೇಳಿದ್ದೆ.

ಅದರ ಮರುದಿನ ನೆಲದಡಿಯ ಓಣಿಯಲ್ಲಿ ನಡೆದು, ಒಂಬತ್ತು ನಿಮಿಷವನ್ನೂ ತೆಗೆದುಕೊಂಡು ಕೆಂಚವ್ವನ ಮನೆಗೆ ಹೋದೆ. ಹೊನ್ನೂರಬಿಗೂ ಹೇಳಿ ಕಳಿಸಿದ್ದೆ. ಬರುತ್ತಾಳೆಂದುಕೊಂಡಿರಲಿಲ್ಲ, ಬಂದಳು, ಗೋಡೆಗೊರಗಿ ನಿಂತಳು. ಮನೆಯವರು, ನೆರೆಯವರು ಸೇರಿ ಹದಿನಾಲ್ಕು ಜನ. ಬೆಕ್ಕು ಬಂದಾಗ ಅವರೂ ನಕ್ಕರು, ಆದರೆ ನಮ್ಮವಳು ಎಂದು ನಗುವ ನಗು ಅದು. ಹನ್ನೆರಡನೆಯ ನಮಸ್ಕಾರ ಬಂತು. ನೀವು ಹೇಳಿದಿರಿ. ಕೆಂಚವ್ವ ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ನಿಮ್ಮ ಮಾತು ಮುಗಿಯುವವರೆಗೂ ಮೆಲ್ಲಗೆ ತಲೆಯಾಡಿಸುತ್ತಿದ್ದರು, ಎದುರಿಗೇ ಕುಳಿತವರಿಗೆ ಹೂಂ ಎನ್ನುವ ಹಾಗೆ. ಹೊರಡುವಾಗ ಹೊನ್ನೂರಬಿ ನನ್ನ ಹತ್ತಿರ ಬಂದು, 'ಇದಕ್ಕ ಅಂಕ ಹಾಕಬ್ಯಾಡ್ರಿ ಮೇಡಂ' ಎಂದಳು. ನಾನು ಕ್ಷಮೆ ಕೇಳಿದೆ. ಅವಳು ಕೇಳಿಸಿಕೊಂಡಳು, ಅಷ್ಟೇ.

ಅವಳ ದಾಖಲೆ ತಿದ್ದಬೇಕೆಂದು, ತಪ್ಪು ಯಾರದೆಂಬುದನ್ನೂ ಸೇರಿಸಿ, ಶಾಲೆಗೆ ಬರೆದುಕೊಟ್ಟಿದ್ದೇನೆ. ಇನ್ನು ಮುಂದೆ ನನ್ನಿಂದ ಯಾರಿಗೂ ಅಂಕ ಹಾಕಿಸಬೇಡಿ ಎಂದೂ ಬರೆದಿದ್ದೇನೆ. ಬಾಗಿಲು ತೆರೆದ ಮೇಲೆ ಉತ್ತರ ಬರುತ್ತದೆ. ಬಂದರೂ ನಾನು ನಕ್ಕ ನಗು ವಾಪಸ್ಸಾಗುವುದಿಲ್ಲ.

ನಿಮ್ಮನ್ನು ಕ್ಷಮೆ ಕೇಳುವಷ್ಟು ಮುಖ ನನಗಿಲ್ಲ. ನೀವು ಆ ವಿಡಿಯೊ ತೆಗೆದ ಸಂಜೆಯೇ ಈ ಕಾಗದ ನಿಮ್ಮ ಕೈ ಸೇರಲಿ ಎಂದು ಬರೆಯುತ್ತಿದ್ದೇನೆ, ಒಂದು ಮಾತು ಮಾತ್ರ ತಿಳಿಸಬೇಕು. ನಾಳೆ ಮೀಟಿಂಗಿನಲ್ಲಿ ನಿಮ್ಮನ್ನು ಕೊನೆಗೆ ಕೂರಿಸುತ್ತಾರೆ, ಕರೆಯುವುದಿಲ್ಲ. ಕರೆಯಲಿ ಎಂದು ಕಾಯಬೇಡಿ. ಚಹಾದ ಕೆಟಲ್ ಒಳಗೆ ಬರುವ ಮೊದಲೇ ಎದ್ದು ನಿಂತು ಮಾತಾಡಿ. ಅಷ್ಟರ ಮೇಲೂ ಅವರು ಕೇಳದಿದ್ದರೆ, ಫೋನು ತುಂಬಿತೆಂದು ಆ ವಿಡಿಯೊ ಅಳಿಸಬೇಡಿ, ತಾಯಿ. ಇಲ್ಲಿ ಅದನ್ನು ಪೂರ್ತಿ ಕೇಳಿದವರು ಹದಿನಾಲ್ಕು ಜನ ಇದ್ದಾರೆ.

ತಲೆ ತಗ್ಗಿಸಿ,
ಅಂದಾನಮ್ಮ