ಬಿಳಿ ಚುಕ್ಕಿಗೆ ಮಸಿ ಹಚ್ಚಬ್ಯಾಡ್ರಿ

ರಾಣೆಬೆನ್ನೂರು
೨೧ ಮೇ ೧೯೯೪

ಚಿ. ಸೌ. ಪ್ರೇಮಾಗ ನಿಮ್ಮಪ್ಪನ ಆಶೀರ್ವಾದ.

ನೀ ಬ್ಯಾಡಗಿಯಿಂದ ಕಳಿಸಿದ ಮೆಣಸಿನಕಾಯಿ ಮುಟ್ಟಿ ಮೂರು ತಿಂಗಳಾತು. ಉತ್ತರ ಬರೀಲಿಲ್ಲಂತ ಸಿಟ್ಟಾಗಬ್ಯಾಡವಾ. ನಿಮ್ಮವ್ವ ದಿನಾ ಬೈತಾಳ, "ಮಗಳು ಕೊಟ್ಟ ಖಾರ ತಿನ್ನಾಕ ಪುರಸೊತ್ತೈತಿ, ಬರಿಯಾಕ ಇಲ್ಲೇನ್ರಿ?" ಅಂತ. ಆದ್ರ ನಿಮ್ಮಪ್ಪ ಈಗ ಸಾದಾ ಫೋಟೋದವ ಅಲ್ಲ, ಇಂಗ್ಲೆಂಡಿನ ಡಾಕ್ಟರಿಗೆ ಫೋಟೋ ಕಳಸಾಂವ! ನಗಬ್ಯಾಡ, ಪೂರಾ ಓದು.

ಹುಬ್ಬಳ್ಳಿಯ ಒಂದು ಕಣ್ಣಿನ ದವಾಖಾನಿಗೂ ಇಂಗ್ಲೆಂಡಿನ ದವಾಖಾನಿಗೂ ದೋಸ್ತಿ ಬೆಳದೈತಿ. ಅವರು ಔಷಧ ಕಳಸ್ತಾರ, ಬಂದು ನಮ್ಮ ಡಾಕ್ಟರಿಗೆ ಕಲಸ್ತಾರ. ಇಲ್ಲಿಂದ ಕೂಸುಗಳ ಕಣ್ಣಿನ ಫೋಟೋ ಹೋಗ್ತಾವ, ಅಲ್ಲಿಂದ ಸಲಹಾ ಬರ್ತಾವ. ನಮ್ಮೂರಾಗ ಕ್ಯಾಂಪ್ ಹಾಕಿದಾಗ ಫೋಟೋ ತಗಿಯಾಕ ನನ್ನ ಕರದ್ರು. ಹುಬ್ಬಳ್ಳಿ ಡಾಕ್ಟರಮ್ಮ ಅಂದ್ರು, "ಫ್ಲ್ಯಾಶ್ ಹೊಡದಾಗ ಕೂಸಿನ ಕಣ್ಣಪಾಪಿ ಬೆಳ್ಳಗ ಕಂಡ್ರ ಲಗೂನ ಕಳಸ್ರಿ. ಒಳಗ ಕ್ಯಾನ್ಸರ್ ಇರಬಹುದು."

ಅಂಥಾ ಬಿಳಿ ಚುಕ್ಕಿ ಬಂದ್ರ ಫ್ಲ್ಯಾಶಿನ ದೋಷ ಅಂತ ಕರೇ ಮಸಿ ಹಚ್ಚಿ ಕೊಡೋದು ನಮ್ಮ ಧಂದೇದಾಗ ರೂಢಿ. ಅವತ್ತು ಮುಂಜಾನೆನಽ ಐರಣಿ ರಹಿಮಾನಸಾಬನ ಮಗಳು ಮುಮ್ತಾಜಳ ಫೋಟೋ ತಿದ್ದಾಕಂತ ಮೇಜಿನ ಮ್ಯಾಲೆ ಇಟ್ಟು ಬಂದಿದ್ದೆ!

ಲೂನಾ ಹತ್ತಿ ಐರಣಿಗೆ ಓಡಿದೆ. ನಿಮ್ಮವ್ವನೂ ಹಿಂದ ಕುಂತಳು. ರಹಿಮಾನಸಾಬ ನಕ್ಕ, "ಫೋಟೋ ಕೆಡಿಸಿದವ್ರು ನೀವು, ದವಾಖಾನಿಗೆ ನನ್ನ ಕೂಸು ಹೋಗಬೇಕೇನ್ರಿ?" ಅಂದ. ಹೆಂಗೋ ಹುಬ್ಬಳ್ಳಿಗೆ ಕರಕೊಂಡು ಹೋದ್ವಿ. ಕಣ್ಣು ತಗದ್ರ ಜೀವ ಉಳೀತೈತಿ ಅಂತ ಡಾಕ್ಟರಮ್ಮ ಅಂದಿದ್ದಕ್ಕ ಆತ ಕೂಸನ್ನ ಎತ್ಕೊಂಡು ಹೊಂಟಽ ಬಿಟ್ಟ. ನಿಮ್ಮವ್ವ ಬಾಗಲಕ್ಕ ಅಡ್ಡ ನಿಂತು, "ಒಂದು ಕಣ್ಣು ಹೋಗ್ಲಿ ಅಣ್ಣಾ, ಮಗಳು ಇರ್ಲಿ" ಅಂದ್ಲು. ಪರರ ಕೂಸನ್ನ ಎಂದೂ ಎತ್ಕೊಳ್ಳದಾಕಿ, ಮುಮ್ತಾಜಳನ್ನ ತೊಡಿ ಮ್ಯಾಲೆ ಹಾಕ್ಕೊಂಡು ಕುಂತಳು. ಕಡೀಕ ರಹಿಮಾನಸಾಬ ಒಪ್ಪಿದ.

ಆಪರೇಷನ್ ಆತು. ರೋಗ ಕಣ್ಣು ದಾಟಿದ್ದಿಲ್ಲಂತ. ಕೂಸು ಉಳೀತವಾ!

ಇನ್ನ ನಗೋ ಸುದ್ದಿ ಕೇಳು. ಇಂಗ್ಲೆಂಡಿನಿಂದ ಡಬ್ಬಿ ತುಂಬ ಕೃತಕ ಕಣ್ಣು ಬಂದ್ವು, ಎಲ್ಲಾನೂ ನೀಲಿ! ಕೂಸಿನ ಅಜ್ಜಿ ಖತೀಜಾಬಿ, "ಇದನ್ನ ಹಾಕಿದ್ರ ವರ ಹುಡುಕಾಕ ನಾ ಇಂಗ್ಲೆಂಡಿಗಽ ಹೋಗಬೇಕಾಗ್ತೈತಿ" ಅಂದು ಡಾಕ್ಟರಮ್ಮನ್ನೂ ನಗಿಸಿದ್ಲು. ನಾನು ಮುಮ್ತಾಜಳ ಇನ್ನೊಂದು ಕಣ್ಣಿನ ಕಲರ್ ಫೋಟೋ ತಗದು ಕಳಿಸಿದೆ. ಅದನ್ನ ನೋಡಿ ಅವರು ಅಂಥಾದ್ದಽ ಕಂದು ಕಣ್ಣು ಮಾಡಿ ಕಳಿಸ್ಯಾರ. ಮೊನ್ನೆ ಹಾಕಿದ್ರು. ಆಕಿ ನನ್ನ ಟೊಪಗಿ ಕಸಗೊಂಡು ಓಡಿದ್ಲು!

ಹಾವೇರಿ ಸ್ಟುಡಿಯೋದವರಿಗೆಲ್ಲ ಹೇಳಿ ಬಂದೇನಿ, ಬಿಳಿ ಚುಕ್ಕಿಗೆ ಮಸಿ ಹಚ್ಚಬ್ಯಾಡ್ರಿ ಅಂತ. ಬ್ಯಾಡಗಿಯವರಿಗೆ ನೀ ಹೇಳು.

ಅಳಿಯಂದ್ರಿಗೆ ನಮಸ್ಕಾರ. ನಿನ್ನ ಹೊಟ್ಟಿ ತಣ್ಣಗಿರಲಿ, ಮಕ್ಕಳ ಕಣ್ಣು ನಗತಿರಲಿ.

ಇಂತಿ ನಿಮ್ಮಪ್ಪ,
ಫಕ್ಕೀರೇಶ

ತಾ.ಕ.: ಗ್ವಾಡಿ ಮ್ಯಾಲಿನ ನಿಮ್ಮಣ್ಣ ಸೋಮೂನ ಫೋಟೋ ನಿನಗ ಗೊತ್ತಲ್ಲ. ನೀ ಹುಟ್ಟೂಕಿಂತ ಮೊದಲಽ ತೀರಿಕೊಂಡ. ಅವನ ಎಡಗಣ್ಣಿನ ಬಿಳುಪು ನಿಮ್ಮವ್ವನ ಕೈಲೆ ನೋಡಾಕ ಆಗವಲ್ದಂತ ಆಮ್ಯಾಲೆ ನಾನಽ ಮಸಿ ಹಚ್ಚಿದ್ದೆ. ಅವನ್ನ ಒಯ್ದಿದ್ದು ಇದಽ ರೋಗ ಅಂತ ಕ್ಯಾಂಪಿನಾಗ ತಿಳೀತು. ನಿನ್ನೆ ನಿಮ್ಮವ್ವ ಆ ಫೋಟೋ ಇಳಿಸಿ ತಂದು, "ಮಸಿ ತಗೀರಿ. ಅಂಗಡಿ ಗಾಜಿನಾಗ ಇಡ್ರಿ. ಬ್ಯಾರೆ ತಾಯಂದ್ರು ನೋಡ್ಲಿ" ಅಂದ್ಲು. ಒದ್ದಿ ಹತ್ತಿಲೆ ಮಸಿ ಒರಸಿದೆನವಾ. ಈಗ ಸೋಮು ಅಂಗಡಿ ಮುಂದ ಕುಂತಾನ, ಹಾದ್ಯಾಗ ಹೋಗೋ ಅವ್ವಂದ್ರನ್ನೆಲ್ಲ ನೋಡಾಕತ್ತಾನ. ಬಂದು ನಿಮ್ಮಣ್ಣನ್ನ ನೋಡಿ ಹೋಗವಾ.