ಮೊಂಡು ಮಾಡಿದ ಮೊಳೆ

ಜೂನ್ 17, ಮಂಗಳವಾರ

ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿನ ತನಕ ಬಸ್ಸಿನಲ್ಲಿ ಇವತ್ತೂ ನಿಂತೇ ಬಂದೆ. ಎಂಟನೇ ಕ್ಲಾಸಿಗೆ ‘ಬಲ ಮತ್ತು ಒತ್ತಡ’ ಶುರು. ವರಾಂಡದಲ್ಲಿ ಬಡಗಿ ಏಕಾಂತಪ್ಪ ಬೆಂಚು ರಿಪೇರಿ ಮಾಡುತ್ತಿದ್ದ. ಪ್ರತಿ ಮೊಳೆಯನ್ನೂ ತಲೆಕೆಳಗಾಗಿ ಹಿಡಿದು, ಚೂಪು ತುದಿಗೆ ಒಂದೇಟು ಹಾಕಿ ಮೊಂಡು ಮಾಡಿ, ಆಮೇಲೆ ಹೊಡೆಯುತ್ತಿದ್ದ. ಒಳ್ಳೆ ಉದಾಹರಣೆ ಸಿಕ್ಕಿತು ಎಂದು ಮಕ್ಕಳನ್ನು ಹೊರಗೆ ಕರೆದೆ. ತುದಿ ಚಿಕ್ಕದಾದಷ್ಟೂ ಒತ್ತಡ ಜಾಸ್ತಿ, ಇವನು ಮಾಡುತ್ತಿರುವುದು ಉಲ್ಟಾ ಎಂದೆ.

“ಅಂಚಿಗೆ ಚೂಪ ಮೊಳಿ ಹೊಡದ್ರ ಹಲಗಿ ಸೀಳತೈತ್ರಿ ಮೇಡಂ.”

“ವಿಜ್ಞಾನ ನೀ ನನಗ ಹೇಳಿಕೊಡ್ತಿ ಏನಪ್ಪ?”

ಮಕ್ಕಳು ನಕ್ಕರು. ನಾನೂ ನಕ್ಕೆ. ಇನ್ನು ಮೊಂಡು ಮಾಡದೆ ಹೊಡಿ ಎಂದು ಹೇಳಿ ಒಳಗೆ ಬಂದೆ. ಸುಕನ್ಯಾ ಒಬ್ಬಳು ನಗಲಿಲ್ಲ. ಆಮೇಲೆ ರಿಜಿಸ್ಟರ್‌ನಲ್ಲಿ ನೋಡಿದೆ — ತಂದೆ ಹೆಸರು ಏಕಾಂತಪ್ಪ.

ಜೂನ್ 19, ಗುರುವಾರ

ಏಕಾಂತಪ್ಪ ನಾನು ಹೇಳಿದಂತೆಯೇ ಹೊಡೆದಿದ್ದಾನೆ. ಮೂರು ಹೊಸ ಹಲಗೆ ಅಂಚಿನಿಂದ ಉದ್ದಕ್ಕೆ ಸೀಳಿವೆ. ಎಚ್‌ಎಂ ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರೇ ಬೈದರು.

“ಇಷ್ಟು ವರ್ಷ ಆತು, ಮೊಳಿ ಹೊಡಿಯಾಕ ಬರಂಗಿಲ್ಲೇನು? ನಾಳಿಯಿಂದ ಬರಬ್ಯಾಡ.”

“ತಪ್ಪಾತ್ರಿ ಸರ” ಅಂದ. ನನ್ನ ಹೆಸರೆತ್ತಲಿಲ್ಲ. ಒಂದೇ ಸಲ ನನ್ನ ಕಡೆ ನೋಡಿದ. ನಾನು... ರಿಜಿಸ್ಟರ್ ತಿರುವುತ್ತ ಕೂತೆ. ಥೂ, ನನ್ನ ಜನ್ಮಕ್ಕಿಷ್ಟು.

ಜೂನ್ 22, ಭಾನುವಾರ

ಹಿತ್ತಲಲ್ಲಿ ಹಳೇ ಹಲಗೆ, ಎರಡು ಮೊಳೆ; ಅಂಚಿಗೆ ನಾನೇ ಹೊಡೆದು ನೋಡಿದೆ. ಚೂಪಿನದು — ನಾಲ್ಕನೇ ಏಟಿಗೆ ಹಲಗೆ ಚಟ್ ಅಂತ ಸೀಳಿತು. ಮೊಂಡು ಮಾಡಿದ್ದು — ಏಟು ಜಾಸ್ತಿ ಬೇಕಾಯಿತು, ಬೆರಳೂ ಜಜ್ಜಿಹೋಯಿತು, ಹಲಗೆಗೆ ಏನೂ ಆಗಲಿಲ್ಲ. ಚೂಪು ತುದಿ ಮರದ ನಾರನ್ನು ಬೆಣೆಯ ಹಾಗೆ ಎರಡೂ ಕಡೆ ತಳ್ಳುತ್ತದೆ. ಮೊಂಡು ತುದಿ ನಾರನ್ನು ಮುರಿದುಕೊಂಡು ಇಳಿಯುತ್ತದೆ. ಸೂತ್ರ ತಪ್ಪಲ್ಲ. ಮರಕ್ಕೆ ನಾರಿದೆ ಎಂಬುದು ಮಾತ್ರ ಹದಿನಾರು ವರ್ಷ ಪಾಠ ಮಾಡಿದವಳಿಗೆ ಹೊಳೆದಿರಲಿಲ್ಲ. ನಾಳೆ ಎಚ್‌ಎಂಗೆ ಹೇಳಬೇಕು.

ಜುಲೈ 4, ಶುಕ್ರವಾರ

ಹೇಳಿಲ್ಲ.

ಟೆಸ್ಟ್ ಪೇಪರ್ ತಿದ್ದಿದೆ. ಮೊಳೆಯ ತುದಿ ಚೂಪಾಗಿರುವುದೇಕೆ? ಸುಕನ್ಯಾ ನಾನು ಹೇಳಿಕೊಟ್ಟದ್ದನ್ನೇ ಬರೆದಿದ್ದಾಳೆ, ಒಂದಕ್ಷರ ತಪ್ಪಿಲ್ಲ. ಕರೆದು ಕೇಳಿದೆ, ನಿಮ್ಮಪ್ಪ ಬೇರೆ ಹೇಳಿದ್ದರಲ್ಲ ಎಂದು. ನೆಲ ನೋಡುತ್ತ ಅಂದಳು:

“ಮೇಡಂ ಹೇಳಿದ್ದ ಖರೆ, ಅದನ್ನ ಬರಿ ಅಂದಾನ್ರಿ ನಮ್ಮಪ್ಪ.”

ಪೂರ್ತಿ ಅಂಕ ಹಾಕಿದೆ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

ಜುಲೈ 7, ಸೋಮವಾರ, ಬೆಳಿಗ್ಗೆ 9.50

ಏಕಾಂತಪ್ಪನಿಗೆ ಫೋನ್ ಮಾಡಿ ಕರೆಸಿದೆ. ಸಾಮಾನಿನ ಚೀಲ ಹಿಡಿದೇ ಬಂದ. ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, “ಏನ್ ರಿಪೇರಿ ಐತ್ರಿ ಮೇಡಂ?” ಅಂದ. ಕೂಡ್ರಿ ಅಂದೆ. ಕೂರಲಿಲ್ಲ. ಎಂಟನೇ ಕ್ಲಾಸಿನಲ್ಲಿ ಎಚ್‌ಎಂ ನಾನು ಕರೆದಂತೆ ಆಗಲೇ ಬಂದು ನಿಂತಿದ್ದಾರೆ, ವಿಷಯ ಏನೆಂದು ಅವರಿಗೂ ಗೊತ್ತಿಲ್ಲ. ಮಾತು ತಪ್ಪದಿರಲಿ ಅಂತ ಬರೆದುಕೊಳ್ಳುತ್ತಿದ್ದೇನೆ —

ಮಕ್ಕಳೇ, ಆ ಹಲಗೆಗಳು ಸೀಳಿದ್ದು ಏಕಾಂತಪ್ಪನವರ ತಪ್ಪಿನಿಂದಲ್ಲ. ಅದು ನ— ಬೆಲ್ ಹೊಡೆಯಿತು, ಇನ್ನುಳಿದದ್ದು ಅಲ್ಲೇ ಹೇಳುತ್ತೇನೆ.