ವರದಿಯನ್ನು ಪೂರ್ತಿ ಓದು, ಗುಂಡ

ಪ್ರೀತಿಯ ಗುಂಡ,

ಮೊದಲು ಆ ರಾಜೀನಾಮೆ ಪತ್ರವನ್ನು ಹರಿದುಹಾಕು. ನೀನು ಶಾಲಾ ಬಸ್ಸು ಓಡಿಸುವುದನ್ನು ಬಿಡಬೇಕಾಗಿಲ್ಲ! ಫೋನ್ ಆಫ್ ಮಾಡಿಕೊಂಡು ಗೆಳೆಯನ ಕೋಣೆಯಲ್ಲಿ ಅವಿತು ಕೂತವನಿಗೆ ಇನ್ನು ಹೇಗೆ ತಿಳಿಸಲಿ? ನಿನ್ನ ಭಾವನ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ನನಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ ಕಣೋ.

ನಮ್ಮ ಕಾರಿನ ಅಪಘಾತದ ಪೊಲೀಸ್ ವರದಿಯ ಮೊದಲ ಪುಟವನ್ನಷ್ಟೇ ಓದಿ, ಮೇಜಿನ ಮೇಲೆ ಬೋರಲು ಹಾಕಿ ಹೋದೆಯಲ್ಲ, ಇವತ್ತು ಅದನ್ನು ಹಿಡಿದು ಠಾಣೆಗೇ ಹೋದೆ. ‘ತಪ್ಪು ತಮ್ಮದೇ ಎಂದು ಕಾರಿನ ಚಾಲಕರು ತಿಳಿಸಿರುತ್ತಾರೆ’ ಎಂಬ ಸಾಲು ಓದಿ ನಾನೂ ಮುಂದಕ್ಕೆ ಓದಿರಲಿಲ್ಲ. ಅಮ್ಮನ ಕಾಲು ಮುರಿದದ್ದು ನಿನ್ನಿಂದಲೇ ಎಂದು ಸರ್ಕಾರವೇ ಮೊಹರು ಹಾಕಿಕೊಟ್ಟಂತಿತ್ತು. ವರದಿ ಬರೆದ ಇನ್ಸ್‌ಪೆಕ್ಟರಮ್ಮ ನಕ್ಕುಬಿಟ್ಟರು. “ಅಯ್ಯೋ, ಅದು ನಿಮ್ಮ ತಮ್ಮ ಹೇಳಿದ್ದು ಕಣಮ್ಮ, ನಾವು ಹೇಳಿದ್ದಲ್ಲ. ಯಾರು ಏನು ಹೇಳಿದ್ರೂ ಹಾಗೇ ಬರ್ಕೊಳ್ಳೋದು ನಮ್ಮ ಕೆಲಸ. ತೀರ್ಮಾನ ಹಿಂದೆ ಇದೆ, ತಿರುಗ್ಸಿ ನೋಡಿ.”

ತಿರುಗಿಸಿದೆ. ಒಂದು ನಕ್ಷೆ ಇದೆ, ಎರಡು ಪೆಟ್ಟಿಗೆ, ನಾಲ್ಕಾರು ಬಾಣ. ನಮ್ಮ ಕಾರಿಗೆ ಹಸಿರು ದೀಪ ಇತ್ತಂತೆ. ಅಡ್ಡರಸ್ತೆಯ ವ್ಯಾನು ಕೆಂಪು ದೀಪ ದಾಟಿ ನುಗ್ಗಿದೆ. ವಾಹನ ತಪಾಸಣೆ ಮಾಡಿದವರು ಅದರ ಬ್ರೇಕೇ ಕೆಟ್ಟಿತ್ತು ಎಂದು ಬರೆದಿದ್ದಾರೆ. ಅಮ್ಮನ ಮಾತಿಗೆ ನಗುತ್ತಾ ವ್ಯಾನನ್ನು ನೋಡಲೇ ಇಲ್ಲ ಎಂದು ಗೋಳಾಡಿದೆಯಲ್ಲ, ನಮ್ಮ ಕಾರಿನ ಚಕ್ರದ ಗುರುತು ಡಿಕ್ಕಿಯಾದ ಜಾಗಕ್ಕಿಂತ ಎಷ್ಟೋ ಮೊದಲೇ ಶುರುವಾಗಿದೆ. ನೋಡಿದ್ದೀಯ, ಬ್ರೇಕೂ ಹಾಕಿದ್ದೀಯ! ಕೊನೆಯಲ್ಲಿ ಚೊಕ್ಕವಾಗಿ ಬರೆದಿದೆ: ಕಾರಿನ ಚಾಲಕರ ತಪ್ಪು ಕಂಡುಬಂದಿಲ್ಲ. ನಾನು ಠಾಣೆಯಲ್ಲೇ ಕೂಗಿಬಿಟ್ಟೆ. ಬಾಗಿಲ ಬಳಿಯ ಪೇದೆ ಗಾಬರಿಯಾಗಿ ಎದ್ದು ನಿಂತ.

“ಮತ್ತೆ ಅವನ್ಯಾಕೆ ಹಾಗಂದ?” ಎಂದು ಕೇಳಿದೆ. “ವ್ಯಾನ್ ಓಡಿಸ್ತಿದ್ದ ಹುಡುಗ ನಡುಗ್ತಾ ಅಳ್ತಿದ್ದ. ನಿಮ್ಮ ತಮ್ಮ ಅವನ ಭುಜ ಹಿಡ್ಕೊಂಡು, ‘ಅಳಬೇಡ, ತಪ್ಪು ನಂದೇ’ ಅಂತಿದ್ರು” ಎಂದರು ಇನ್ಸ್‌ಪೆಕ್ಟರಮ್ಮ. ನನಗೆ ನಗು, ಅಳು ಒಟ್ಟಿಗೇ ಬಂತು. ಮನೆಯಲ್ಲಿ ಲೋಟ ಒಡೆದರೂ, ಹಾಲು ಉಕ್ಕಿದರೂ, ಜಗಳ ಅಲ್ಲಿಗೇ ಮುಗಿಯಲಿ ಎಂದು ಮೊದಲು ‘ನಂದೇ ತಪ್ಪು’ ಅನ್ನುವವನು ನೀನು. ಕುಂಬಳಕಾಯಿ ಕಳ್ಳ ಎಂದರೆ ಕದಿಯದೆಯೇ ಹೆಗಲು ಮುಟ್ಟಿಕೊಳ್ಳುವ ಜಾತಿ! ಆ ಹುಡುಗನನ್ನು ಸಮಾಧಾನ ಮಾಡಲು ಹೇಳಿದ್ದನ್ನು ನೀನೇ ನಂಬಿ ಕೂತಿದ್ದೀಯ, ಪೆದ್ದ.

ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಓಡಿದೆ. ನೀನು ಇನ್ನೂ ಕಾಲಿಡದ ಆ ವಾರ್ಡಿನಲ್ಲಿ ಅಮ್ಮ ಕನ್ನಡಕ ಹಾಕಿಕೊಂಡು ಎಲ್ಲ ಪುಟಗಳನ್ನೂ ತಿರುವಿದಳು. “ಪಕ್ಕದಲ್ಲಿ ಕೂತಿದ್ದೋಳಿಗೆ ಇದನ್ನ ಓದಿ ತಿಳೀಬೇಕಾ? ಗುದ್ದೋ ಹೊತ್ತಿಗೆ ಅವನು ಒಂದು ಕೈಯಿಂದ ನನ್ನನ್ನ ತಬ್ಬಿ ಹಿಡ್ಕೊಂಡಿದ್ದ. ಅದನ್ನ ಎಲ್ಲಿ ಬರೆದಿದ್ದಾರೆ, ತೋರ್ಸು” ಎಂದಳು. ಇಷ್ಟು ದಿನ ನನಗೂ ಹೇಳಿರಲಿಲ್ಲ. ನೀನು ಬಂದಾಗ ನಿನಗೇ ಮೊದಲು ಹೇಳಬೇಕೆಂದು ಕಾದಿದ್ದಳಂತೆ.

ವರದಿಯಲ್ಲಿ ಅದು ಎಲ್ಲೂ ಇಲ್ಲ, ಗುಂಡ. ನಾನು ಪೂರ್ತಿ ಹುಡುಕಿದೆ. ನಾಳೆ ಅಮ್ಮನನ್ನು ಮನೆಗೆ ಬಿಡುತ್ತಾರೆ, ನೀನು ಓಡಿಸದ ಗಾಡಿ ಹತ್ತುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಾಳೆ. ಬೇಗ ಬಾ.

ನಿನ್ನ ಕೈ ಗಟ್ಟಿಯಾಗಿರಲಿ, ಮನಸ್ಸು ಹಗುರಾಗಿರಲಿ ಎಂದು ಹರಸುವ,
ನಿನ್ನ ಅಕ್ಕ